ಅಂಕಸಮುದ್ರವೋ, ಮಾಗಡಿಯೋ, ಹಿನ್ನೀರೋ? ಒಂದು ದಿನದ ಹಕ್ಕಿ ತಿರುಗಾಟಕ್ಕೆ ನಮ್ಮ ಕಡೆಯ ಕೆರೆಗಳು

ಚಳಿ ಶುರುವಾಯಿತು ಅಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜು ಬರತೊಡಗುತ್ತವೆ. "ಅಕ್ಕಾ, ಈ ಸಂಡೇ ಹಕ್ಕಿ ನೋಡಾಕ ಹೋಗೋಣ ಅಂತ ಮಾಡೀವಿ. ಅಂಕಸಮುದ್ರ ಛಲೋನೋ, ಮಾಗಡಿ ಛಲೋನೋ?" ಕೇಳುವವರಲ್ಲಿ ಬಳ್ಳಾರಿಯ ಗೆಳತಿಯರಿದ್ದಾರೆ, ರಾಯಚೂರಿನಲ್ಲಿರುವ ತಂಗಿಯ ಮನೆಯವರಿದ್ದಾರೆ, ಇಲ್ಲೇ ಕೊಪ್ಪಳದಲ್ಲಿ ಹೊಸ ಕ್ಯಾಮೆರಾ ಕೊಂಡು ಕೈ ಸುಮ್ನಿರದ ಹುಡುಗರಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೆ ನಾನು ತಿರುಗಿ ಕೇಳುತ್ತೇನೆ: "ಮುಂಜಾನೆ ಎಷ್ಟಕ್ಕೆ ಏಳ್ತೀರಿ?"

ತಮಾಷೆಗೆ ಕೇಳುವುದಲ್ಲ. ಒಮ್ಮೆ ಗದಗ ಕಡೆಯ ಮಾಗಡಿ ಕೆರೆಗೆ ಅಂತ ಬಾಡಿಗೆ ಕಾರು ಹೇಳಿದ್ದೆವು. ಐದಕ್ಕೆ ಬರುತ್ತೇನೆಂದವರು ಏಳಕ್ಕೆ ಬಂದರು. ದಾರಿಯಲ್ಲಿ ವಗ್ಗರಣಿ, ಮಿರ್ಚಿ, ಎರಡು ಸಲ ಚಹಾ. ಕೆರೆ ಮುಟ್ಟಿದಾಗ ಒಂಬತ್ತೂವರೆ ದಾಟಿತ್ತು. ಸಾವಿರಾರು ಬಾತುಗಳು ಕೆರೆ ನಡುವೆ ಬೂದಿ ಚೆಲ್ಲಿದ ಹಾಗೆ ಅಲುಗಾಡದೆ ಕೂತಿದ್ದವು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ದಂಡೆಯಲ್ಲಿ ಕುರಿ ಕಾಯುತ್ತಿದ್ದ ಅಜ್ಜ ನಮ್ಮನ್ನು ನೋಡಿ, "ಈಗ ಬಂದ್ರ ಏನ್ ಕಾಣ್ತೈತ್ರೀ? ಆಟ ಎಲ್ಲಾ ಮುಂಜಾನೀನ ಮುಗೀತು" ಅಂದ. ಆವತ್ತಿನಿಂದ ಕೆರೆ ಆರಿಸುವಾಗ ನಾನು ಮೊದಲು ನೋಡುವುದು ಗಡಿಯಾರವನ್ನೇ.

ಮೊದಲು ಇಷ್ಟನ್ನು ಲೆಕ್ಕ ಹಾಕಿ

ಹೊತ್ತು. ನೀರಹಕ್ಕಿಗಳ ಓಡಾಟ ಜಾಸ್ತಿ ಇರುವುದು ಬೆಳಗಿನ ಮೊದಲ ಎರಡು ತಾಸು, ಸಂಜೆಯ ಕೊನೆಯ ಎರಡು ತಾಸು. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂಮುಕ್ಕಾಲಿನ ಹತ್ತಿರ, ಮುಳುಗುವುದು ಆರು ದಾಟಿದ ಮೇಲೆ. ಅಂದರೆ ಒಂದೋ ಏಳಕ್ಕೆ ದಂಡೆ ಮೇಲೆ ಇರಬೇಕು, ಇಲ್ಲವೇ ನಾಲ್ಕಕ್ಕೆ. ನಡುವಿನ ಹೊತ್ತಿಗೆ ಹೋಗುವ ಹಾಗಿದ್ದರೆ ಮನೆಯಲ್ಲೇ ಇನ್ನೊಂದು ನಿದ್ದೆ ಮಾಡಬಹುದು.

ತಿಂಗಳು ಮತ್ತು ನೀರು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಒಂದೊಂದು ಜಾಗಕ್ಕೆ ಒಂದೊಂದು ತಿಂಗಳು ಕೂಡಿಬರುತ್ತದೆ. ಕೆರೆ ತುಂಬಿದ್ದರೆ ಕೆಲವು ಹಕ್ಕಿ, ಇಳಿದರೆ ಬೇರೆ ಹಕ್ಕಿ.

ಜೊತೆಗೆ ಯಾರು. ಮಂಡಿ ನೋವಿನ ಅವ್ವ ಇದ್ದರೆ ಗಾಡಿ ನಿಲ್ಲಿಸಿದ ಕಡೆಯಿಂದಲೇ ಹಕ್ಕಿ ಕಾಣಬೇಕು. ಸಣ್ಣ ಮಕ್ಕಳಿದ್ದರೆ ಹಕ್ಕಿ ದೊಡ್ಡದಿರಬೇಕು, ಹತ್ತಿರ ಇರಬೇಕು. ಒಂದು ತಾಸಾದ ಮೇಲೆ ಬೇರೆ ಏನಾದರೂ ಬೇಕೇ ಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯದ ಮಾತು ಬಹಳ ದೊಡ್ಡದು. ಹೊರಡುವ ಮುಂಚೆ ಅದನ್ನು ಯಾರೂ ಕೇಳುವುದಿಲ್ಲ, ಹೋದ ಮೇಲೆ ಎಲ್ಲರೂ ಕೇಳುತ್ತಾರೆ.

ದುರ್ಬೀನು ಇದೆಯೋ ಇಲ್ಲವೋ. ಬರಿಗಣ್ಣಿಗೂ ಖುಷಿ ಕೊಡುವ ಕೆರೆಗಳಿವೆ. ದುರ್ಬೀನು ಇಲ್ಲದೆ ಹೋದರೆ ಬರೀ ಚುಕ್ಕೆ ನೋಡಿ ಬರುವ ಜಾಗಗಳೂ ಇವೆ.

ಕೊನೆಗೆ ದುಡ್ಡು. ಇದರಲ್ಲಿ ಕೆರೆಗಿಂತ ಗಾಡಿಯ ಪಾಲೇ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ.

ಅಂಕಸಮುದ್ರ: ಮೊದಲ ಸಲದವರಿಗೆ

ಹಗರಿಬೊಮ್ಮನಹಳ್ಳಿ ತಾಲೂಕಿನ ಊರ ಕೆರೆ ಇದು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಲ್ಲಿ ಜಿಲ್ಲೆ ಒಡೆದ ಮೇಲೆ ವಿಜಯನಗರಕ್ಕೆ ಸೇರಿದೆ. ಹೊಲಕ್ಕೆ ನೀರು ಹಾಯಿಸಲು ನೂರು ವರ್ಷಕ್ಕೂ ಹಿಂದೆ ಕಟ್ಟಿದ ಕೆರೆ, ಸುಮಾರು 99 ಹೆಕ್ಟೇರ್. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. 2024ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದಾಯಿತು.

ಇಲ್ಲಿನ ಗುಟ್ಟು ಇರುವುದು ಜಾಲಿ ಮರಗಳಲ್ಲಿ. ಕೆರೆಯ ಒಳಗೇ ಕರಿಜಾಲಿ ಬೆಳೆದಿದೆ. ಬುಡಕ್ಕೆ ನೀರು, ಮೈ ತುಂಬಾ ಮುಳ್ಳು. ನಾಯಿ, ನರಿ, ಮನುಷ್ಯ ಯಾರೂ ಸುಲಭಕ್ಕೆ ಹತ್ತಿರ ಹೋಗಲಾರರು. ಹಕ್ಕಿಗಳಿಗೆ ಇನ್ನೇನು ಬೇಕು? ಒಂದೊಂದು ಮರದ ಮೇಲೂ ಮನೆ ಮೇಲೆ ಮನೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ, ಹಗಲಿಡೀ ತೂಕಡಿಸುವ ಇರುಳು ಬಕ. ಗೂಡು ಕಟ್ಟಲು ಮತ್ತು ರಾತ್ರಿ ತಂಗಲು ಬರುವ ನೀರಹಕ್ಕಿಗಳ ಲೆಕ್ಕ 30,000 ದಾಟುತ್ತದೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು ಎಷ್ಟಿವೆಯೋ ಅದರಲ್ಲಿ ನೂರಕ್ಕೆ ಒಂದಕ್ಕಿಂತ ಜಾಸ್ತಿ ಪಾಲು ಈ ಒಂದು ಕೆರೆಯಲ್ಲಿ ಸಿಗುತ್ತದೆ. ಒಂದು ಊರ ಕೆರೆಗೆ ಇದು ಸಣ್ಣ ಮಾತಲ್ಲ.

ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುವುದು ಹಕ್ಕಿ ದೊಡ್ಡದು, ಹಕ್ಕಿ ಹತ್ತಿರ ಎಂಬ ಕಾರಣಕ್ಕೆ. ಏರಿ ಮೇಲೆ ನಿಂತರೆ ಬರಿಗಣ್ಣಿಗೂ ಮರ ಬಿಳಿ ಹೂ ಬಿಟ್ಟ ಹಾಗೆ ಕಾಣುತ್ತದೆ. ದುರ್ಬೀನು ಹಿಡಿದರೆ ಬಣ್ಣದ ಕೊಕ್ಕರೆಗೆ ಆ ಹೆಸರು ಯಾಕೆ ಬಂತು ಅಂತ ತಿಳಿಯುತ್ತದೆ. ಬೆನ್ನ ಹಿಂದೆ, ಬಾಲದ ಹತ್ತಿರ, ಯಾರೋ ಗುಲಾಬಿ ಬಣ್ಣದಲ್ಲಿ ಕುಂಚ ಅದ್ದಿ ಒರೆಸಿದ ಹಾಗಿರುತ್ತದೆ. ಮುಖದ ಬೋಳು ಚರ್ಮ ಕಿತ್ತಳೆ. ಕೊಕ್ಕು ಹಳದಿ, ತುದಿಯಲ್ಲಿ ಸ್ವಲ್ಪ ಬಾಗು. ದೊಡ್ಡವಾದ ಮೇಲೆ ಇವಕ್ಕೆ ಕೂಗು ಇಲ್ಲವೆಂದೇ ಹೇಳಬೇಕು. ಜೋಡಿ ಗೂಡಿಗೆ ಬಂದಾಗ ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತವೆ. ಗದ್ದಲವೆಲ್ಲ ಮರಿಗಳದು. ನನ್ನ ಅಕ್ಕನ ಮಗ ಅದನ್ನು ಕೇಳಿ, "ಯಾರೋ ಚಪಾತಿ ಲಟ್ಟಣಿಗಿ ಬಡೀತಾರ" ಅಂದಿದ್ದ.

ಕುಂದೂ ಇದೆ. ವಾಸನೆ. ಗಾಳಿ ನಿಮ್ಮ ಕಡೆಗೆ ಬೀಸಿದರೆ ಹಿಕ್ಕೆಯ ಘಾಟು ಮೂಗಿಗೆ ಹೊಡೆಯುತ್ತದೆ. ಸೂಕ್ಷ್ಮದವರು ಬುತ್ತಿಯನ್ನು ಏರಿ ಮೇಲೆ ಬಿಚ್ಚಬೇಡಿ. ಎರಡನೆಯದು ಜಾಲಿ ಮುಳ್ಳು. ಹವಾಯಿ ಚಪ್ಪಲಿ ಹಾಕಿಕೊಂಡು ಹೋದರೆ ಅಡಿಯಿಂದ ಮೇಲಕ್ಕೆ ಬರುತ್ತದೆ. ಬೈಕಿನ ಟೈರಿಗೂ ಅದೇ ಗತಿ. ಮೂರನೆಯದು, ಹಳ್ಳಿ ದಂಡೆಯಲ್ಲಿ ಹೋಟೆಲು ಅಂತ ನೆಚ್ಚಿಕೊಳ್ಳುವಂಥದ್ದು ಇಲ್ಲ. ಊಟ, ಶೌಚಾಲಯ ಎಲ್ಲ ಹಗರಿಬೊಮ್ಮನಹಳ್ಳಿಯಲ್ಲೇ ಮುಗಿಸಿಕೊಳ್ಳುವುದು ವಾಸಿ.

ದೂರದ ಲೆಕ್ಕ ಹೀಗೆ. ಕೊಪ್ಪಳದಿಂದ ಹೊಸಪೇಟೆ, ಮರಿಯಮ್ಮನಹಳ್ಳಿ ದಾಟಿ ಹೋದರೆ 80 ಕಿಲೋಮೀಟರ್ ಆಸುಪಾಸು. ಐದಕ್ಕೆ ಹೊರಟರೆ ಬೆಳಗಿನ ಆಟ ಸಿಗುತ್ತದೆ. ಬಳ್ಳಾರಿಯಿಂದ ನೂರಕ್ಕೆ ಸ್ವಲ್ಪ ಮೇಲೆ, ನಾಲ್ಕೂವರೆಗೆ ಗಾಡಿ ಶುರುವಾಗಬೇಕು. ಅದಾಗದಿದ್ದರೆ ಬಳ್ಳಾರಿಯವರು ಸಂಜೆಗೆ ಬನ್ನಿ. ಹೊಲ, ಗದ್ದೆ, ಹಿನ್ನೀರಿಗೆ ಮೇಯಲು ಹೋದವು ಐದರ ನಂತರ ಸಾಲು ಸಾಲಾಗಿ ಮರಕ್ಕೆ ಇಳಿಯುವುದನ್ನು ನೋಡುವುದೇ ಒಂದು ಜಾತ್ರೆ. ನನಗೆ ಕೇಳಿದರೆ ಬೆಳಗಿಗಿಂತ ಸಂಜೆಯೇ ಚಂದ. ಆದರೆ ವಾಪಸ್ ಕತ್ತಲಲ್ಲಿ ಬರಬೇಕು. ದಾರಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು, ಹೊಸಪೇಟೆ ಹತ್ತಿರ ಅದಿರು ಲಾರಿ. ಗಾಡಿ ಓಡಿಸುವವರು ರಾತ್ರಿಗೆ ಹೆದರುವವರಾದರೆ ಸಂಜೆಯ ಮಾತು ಬಿಟ್ಟುಬಿಡಿ.

ಮಾಗಡಿ ಕೆರೆ: ಒಂದೇ ಹಕ್ಕಿಗಾಗಿ

ಗದಗ ಜಿಲ್ಲೆ, ಶಿರಹಟ್ಟಿ ತಾಲೂಕು. ಗದಗದಿಂದ ಲಕ್ಷ್ಮೇಶ್ವರದ ದಾರಿಯಲ್ಲಿ 26 ಕಿಲೋಮೀಟರ್. ಕೊಪ್ಪಳದಿಂದ ಒಟ್ಟು 85ರ ಹತ್ತಿರ. ಇದೂ 2024ರಲ್ಲಿ ಅಂಕಸಮುದ್ರದ ಜೊತೆಗೇ ರಾಮ್‌ಸರ್ ಪಟ್ಟಿಗೆ ಬಂತು. ಕೆರೆ ಅದರ ಅರ್ಧದಷ್ಟು, ಸುಮಾರು 50 ಹೆಕ್ಟೇರ್.

ಇಲ್ಲಿಗೆ ಹೋಗುವುದು ಪಟ್ಟೆತಲೆ ಹೆಬ್ಬಾತಿಗೆ. ಬೇರೆ ಹಕ್ಕಿಗಳೂ ಇವೆ, ಆದರೆ ನಿಜ ಹೇಳಬೇಕೆಂದರೆ ಜನ ಬರುವುದು ಇದೊಂದಕ್ಕೇ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಅಡ್ಡ ಎಳೆದಿರುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಇದು. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದವರು ಇದು 7,000 ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲಿಸಿದ್ದಾರೆ. ಅಷ್ಟು ಮೇಲೆ ಹಾರಿ ಬಂದದ್ದು ಶಿರಹಟ್ಟಿಯ ಶೇಂಗಾ ಹೊಲಕ್ಕೆ! ಪ್ರತಿ ವರ್ಷ ಸುಮಾರು 8,000 ಬರುತ್ತವೆ. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ದೊಡ್ಡ ಜಾಗಗಳಲ್ಲಿ ಮಾಗಡಿಯೂ ಒಂದು. ನವೆಂಬರಿಗೆ ಬರತೊಡಗಿ ಮಾರ್ಚ್ ಹೊತ್ತಿಗೆ ಖಾಲಿ. ಏಪ್ರಿಲ್‌ನಲ್ಲಿ ಮಾಗಡಿಗೆ ಹೋಗುತ್ತೇನೆಂದು ಹೊರಟವರನ್ನು ನಾನು ಎರಡು ಸಲ ತಡೆದಿದ್ದೇನೆ.

ಇವು ಮೇಯುವುದು ಹೊಲದಲ್ಲಿ, ಬಿಸಿಲೇರಿದ ಮೇಲೆ ವಿಶ್ರಾಂತಿ ನೀರಿನಲ್ಲಿ. ಹಾಗಾಗಿ ನೋಡಬೇಕಾದ್ದು ಎರಡು ಹೊತ್ತು: ಬೆಳಿಗ್ಗೆ ಗುಂಪು ಗುಂಪಾಗಿ ಕೆರೆಗೆ ಇಳಿಯುವುದು, ಸಂಜೆ ಗುಂಪು ಗುಂಪಾಗಿ ಏಳುವುದು. ಮೊದಲು ಸದ್ದು ಬರುತ್ತದೆ. ಆಂಗ್, ಆಂಗ್ ಎಂದು ದೂರದಿಂದ, ಹಳೇ ಬಸ್ಸಿನ ಹಾರನ್ನಿನ ಹಾಗೆ. ಆಮೇಲೆ ಆಕಾಶದಲ್ಲಿ ಗೆರೆ. ನೀರಿನ ಹತ್ತಿರ ಬಂದಾಗ ರೆಕ್ಕೆ ಬಿಗಿ ಹಿಡಿದು, ಕಾಲು ಮುಂದಕ್ಕೆ ಚಾಚಿ, ಒಂದು ಕ್ಷಣ ಬ್ರೇಕ್ ಹಾಕಿದ ಹಾಗೆ ತೇಲಿ, ಸರ್ರನೆ ನೀರು ಸೀಳಿಕೊಂಡು ಇಳಿಯುತ್ತವೆ. ಹತ್ತು ನಿಮಿಷಕ್ಕೊಂದು ಗುಂಪು. ಇದನ್ನು ತಪ್ಪಿಸಿಕೊಂಡು ಒಂಬತ್ತೂವರೆಗೆ ಹೋದವರ ಕಥೆ ಆಗಲೇ ಹೇಳಿದೆನಲ್ಲ.

ಅಂಕಸಮುದ್ರಕ್ಕೆ ಹೋಲಿಸಿದರೆ ಬಗೆ ಕಡಿಮೆ, ನೋಟ ದೊಡ್ಡದು. ಹಕ್ಕಿ ಸ್ವಲ್ಪ ದೂರವೇ ಕೂರುತ್ತದೆ, ದುರ್ಬೀನು ಇದ್ದರೆ ಒಳ್ಳೆಯದು. ಮಾಗಡಿಯ ದೊಡ್ಡ ಅನುಕೂಲ ಅಂದರೆ ರಸ್ತೆ. ಗದಗ–ಲಕ್ಷ್ಮೇಶ್ವರ ಬಸ್ಸು ಈ ಊರಿನ ಮೇಲೇ ಹೋಗುತ್ತದೆ. ಸ್ವಂತ ಗಾಡಿ ಇಲ್ಲದವರಿಗೆ ನಾನು ಧೈರ್ಯವಾಗಿ ಹೇಳುವ ಜಾಗ ಇದೊಂದೇ. ಆದರೆ ಕೊಪ್ಪಳದಿಂದ ಬಸ್ಸು ಹಿಡಿದು ಏಳಕ್ಕೆ ಅಲ್ಲಿರುವ ಮಾತು ಮರೆತುಬಿಡಿ. ಮಧ್ಯಾಹ್ನ ಉಂಡು ಹೊರಡಿ, ಮೂರೂವರೆಗೆ ಮುಟ್ಟಿ, ಸಂಜೆ ಬಾತು ಏಳುವುದನ್ನು ನೋಡಿ, ಗದಗಕ್ಕೆ ವಾಪಸ್ ಬನ್ನಿ. ಅಲ್ಲಿಂದ ಕೊಪ್ಪಳದ ಕಡೆಗೆ ಬಸ್ಸು, ರೈಲು ಸಿಗುತ್ತವೆ. ವಾಪಸ್ ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರ್‌ಗೆ ಕೇಳಿಕೊಳ್ಳಿ.

ಬಳ್ಳಾರಿಯವರಿಗೆ? 180 ಕಿಲೋಮೀಟರ್ ಆಗುತ್ತದೆ. ಒಂದು ದಿನದ ತಿರುಗಾಟ ಅನ್ನುವುದು ಬರೀ ಹೆಸರಿಗೆ. ಗದಗದಲ್ಲಿ ಹಿಂದಿನ ರಾತ್ರಿ ಉಳಿಯಲು ಸಿದ್ಧರಿದ್ದರೆ ಹೋಗಿ, ಇಲ್ಲದಿದ್ದರೆ ಅಂಕಸಮುದ್ರವೇ ಸಾಕು.

ತುಂಗಭದ್ರಾ ಹಿನ್ನೀರು: ರುಚಿ ಹತ್ತಿದವರಿಗೆ

ಇದು ನನ್ನ ಇಷ್ಟದ ಜಾಗ. ಹೊಸಬರಿಗೆ ಮಾತ್ರ ಹೇಳುವುದಿಲ್ಲ.

ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರ್ ನೀರು. ಎಲ್ಲಿ ನಿಂತು ಏನು ನೋಡುತ್ತೀರಿ? ಅಕ್ಟೋಬರಿನಲ್ಲಿ ಹೋದರೆ ಸಮುದ್ರದ ಹಾಗೆ ಕಾಣುತ್ತದೆ, ಹಕ್ಕಿ ಮಾತ್ರ ಬೆರಳೆಣಿಕೆ. ಆಟ ಶುರುವಾಗುವುದು ನೀರು ಇಳಿದಾಗ. ಕಾಲುವೆಗೆ ನೀರು ಹೋಗುತ್ತಾ ಹೋಗುತ್ತಾ ಜನವರಿಯಿಂದ ದಂಡೆ ಹಿಂದೆ ಸರಿಯುತ್ತದೆ, ಕೆಸರು ಬಯಲಾಗುತ್ತದೆ, ಅದರ ಮೇಲೆ ಎಳೆ ಹುಲ್ಲು ಬರುತ್ತದೆ.

ಈ ಕೆಸರು ಎಲ್ಲಿಂದ ಬಂತು ಅಂದರೆ ಹೂಳು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಮಾನ್ವಿ, ಸಿರವಾರದಲ್ಲಿ ಕಾಲುವೆಯ ಕೊನೆಭಾಗದ ರೈತರನ್ನು ಕೇಳಿ, ಹೂಳು ಅಂದರೆ ಏನೆಂದು ಅವರು ಹೇಳುತ್ತಾರೆ. ಅದೇ ಹೂಳು ಉದ್ದ ಕಾಲಿನ ಹಕ್ಕಿಗೆ ಉಣ್ಣುವ ತಾಟು. ಕಾಲು ಮುಳುಗುವಷ್ಟು ನೀರು, ಒಳಗೆ ಹುಳ, ಸಿಗಡಿ, ಬಸವನಹುಳ. ಮೆಟ್ಟುಗಾಲು ಹಕ್ಕಿ, ಉಲ್ಲಂಕಿ, ಚಮಚದ ಕೊಕ್ಕಿನ ಹಕ್ಕಿ, ಚಕ್ರವಾಕ. ಕೆಲವು ವರ್ಷ ಚಳಿ ಮುಗಿಯುವ ಹೊತ್ತಿಗೆ ರಾಜಹಂಸಗಳ ಹಿಂಡು ಇಳಿಯುತ್ತದೆ. ದೂರದಲ್ಲಿ ಗುಲಾಬಿ ಗೆರೆ. ಒಂದು ಸಲ ರೆಕ್ಕೆ ಬಿಚ್ಚಿದರೆ ಒಳಗೆ ಕೆಂಪು ಮತ್ತು ಕಪ್ಪು. ಅದನ್ನು ನೋಡಿದ ದಿನ ಮನೆಗೆ ಬಂದು ನಾನು ಅಡುಗೆಯನ್ನೇ ಮಾಡಲಿಲ್ಲ.

ಈಗ ತೊಂದರೆಗಳು. ಇಲ್ಲಿ ಗೇಟಿಲ್ಲ, ಬೋರ್ಡಿಲ್ಲ, ಹಕ್ಕಿ ಇಂಥಲ್ಲೇ ಅಂತಲೂ ಇಲ್ಲ. ನೀರು ಎಲ್ಲಿ ನಿಂತಿದೆಯೋ ಅಲ್ಲಿ ಹಕ್ಕಿ. ಹೋದ ವರ್ಷ ನೋಡಿದ ಜಾಗದಲ್ಲಿ ಈ ವರ್ಷ ಕುರಿ ಮೇಯುತ್ತಿರುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ಲ? ಅಂಥದ್ದೇನಾದರೂ ಆದರೆ ನೀರಿನ ಲೆಕ್ಕವೇ ತಲೆಕೆಳಗು. ಅದಕ್ಕೆ ಹೊರಡುವ ಮುಂಚೆ ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ನೋಡಿ. ಪೂರ್ಣ ಮಟ್ಟ 1,633 ಅಡಿ. ಅದಕ್ಕೆ ಹತ್ತಿರ ಇದ್ದರೆ ಇನ್ನೊಂದು ತಿಂಗಳು ತಡೆಯಿರಿ.

ಕೆಸರನ್ನು ಮಾತ್ರ ನಂಬಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟು ಹಪ್ಪಳದ ಹಾಗಿರುತ್ತದೆ, ಕೆಳಗೆ ಇನ್ನೂ ಮೆತ್ತಗೆ. ಒಮ್ಮೆ ತಮ್ಮ "ಏನಾಗಲ್ಲ ಬಾರಕ್ಕ" ಅಂತ ಬೈಕು ಇಳಿಸಿದ. ಇಪ್ಪತ್ತು ಹೆಜ್ಜೆ ಹೋಗುವುದರಲ್ಲಿ ಹಿಂದಿನ ಗಾಲಿ ಅರ್ಧ ಹೂತಿತು. ಎಳೆದುಕೊಟ್ಟದ್ದು ಮೀನು ಹಿಡಿಯುವ ಇಬ್ಬರು. ಎಳೆಯುವಷ್ಟು ಹೊತ್ತೂ ಬೈದರು, ಆಮೇಲೆ ಚಹಾ ಕೊಟ್ಟರು, ಕೊನೆಗೆ ರಾಜಹಂಸ ಎಲ್ಲಿ ಕೂತಿವೆ ಅಂತಲೂ ಅವರೇ ತೋರಿಸಿದರು. ಹಿನ್ನೀರಿನಲ್ಲಿ ಅವರನ್ನು ಮೀರಿಸಿದ ಗೈಡ್ ಇಲ್ಲ.

ಕೊಪ್ಪಳದವರಿಗೆ ಇದು ಎಲ್ಲಕ್ಕಿಂತ ಹತ್ತಿರ. ಮುನಿರಾಬಾದ್ ಆಸುಪಾಸಿನ ದಂಡೆಗೆ ಬೈಕಿನಲ್ಲಿ ಮುಕ್ಕಾಲು ತಾಸು. ಐದೂಮುಕ್ಕಾಲಿಗೆ ಎದ್ದರೂ ನಡೆಯುತ್ತದೆ. ಹುಣ್ಣಿಮೆ ದಿನ ಬೇಡ. ಹುಲಿಗೆಮ್ಮನ ದರ್ಶನದ ಜನಸಾಗರದಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ. ಅಂಕಸಮುದ್ರಕ್ಕೆ ಹೋದವರು ವಾಪಸ್ ಬರುವಾಗ ಹಂಪಸಾಗರ, ತಂಬ್ರಹಳ್ಳಿ ಕಡೆಯಿಂದ ಹಿನ್ನೀರನ್ನು ಒಂದು ಇಣುಕು ನೋಡಬಹುದು. ನಾನು ಎರಡು ಜಾಗ ಒಂದೇ ದಿನ ಸೇರಿಸಿಕೊಳ್ಳಿ ಅನ್ನುವುದು ಇಲ್ಲಿ ಮಾತ್ರ. ಮಾಗಡಿ–ಅಂಕಸಮುದ್ರ ಎರಡೂ ಒಂದೇ ದಿನ ಮಾಡಿದವರು ನೋಡಿದ್ದು ರಸ್ತೆಯನ್ನೇ ಜಾಸ್ತಿ.

ನೆರಳು ಇಲ್ಲ. ಮರೆ ಇಲ್ಲ. ದುರ್ಬೀನು ಇಲ್ಲದೆ ಹೋಗಲೇಬೇಡಿ. ಅವ್ವನನ್ನು ಕರೆದೊಯ್ಯಬೇಡಿ.

ಕಮಲಾಪುರ ಕೆರೆ ಮತ್ತು ದರೋಜಿ: ಮನೆಮಂದಿಯೆಲ್ಲ ಹೋಗುವುದಾದರೆ

ಹಕ್ಕಿ ನೋಡುವ ಆಸೆ ಒಬ್ಬರಿಗೆ, ಉಳಿದ ನಾಲ್ವರಿಗೆ ಬೇಸರ. ಇದು ಬಹಳ ಮನೆಗಳ ಕಥೆ. ಅಂಥವರಿಗೆ ಹಂಪಿ ಪಕ್ಕದ ಕಮಲಾಪುರ ಕೆರೆ. ವಿಜಯನಗರದ ಕಾಲದ್ದು. ರಸ್ತೆ ಪಕ್ಕದಲ್ಲೇ ನೀರು, ಕಾರಿನಿಂದ ಇಳಿದರೆ ಹಕ್ಕಿ. ವರಟೆ ಬಾತು, ನಾಮಕೋಳಿ, ಗುಳುಮುಳುಕ, ತಾವರೆ ಎಲೆ ಮೇಲೆ ನಡೆಯುವ ದೇವನಕ್ಕಿ, ಹಾವಿನ ಹಾಗೆ ಕುತ್ತಿಗೆ ಮಾತ್ರ ಹೊರಗೆ ಚಾಚಿ ಈಜುವ ಹಾವಕ್ಕಿ. ಅಪರೂಪದ್ದು ಅಂತ ಬಾಯಿ ಬಿಡುವಂಥದ್ದು ಕಡಿಮೆ. ಆದರೆ ಒಂದೂವರೆ ತಾಸಿನಲ್ಲಿ ಇಪ್ಪತ್ತೈದು ಬಗೆ ಲೆಕ್ಕ ಹಾಕಿ, ಒಂಬತ್ತಕ್ಕೆ ಇಡ್ಲಿ ತಿಂದು, ಉಳಿದವರ ಜೊತೆ ವಿಜಯವಿಠ್ಠಲ ಗುಡಿಗೆ ಹೋಗಬಹುದು. ಯಾರಿಗೂ ಕೋಪ ಬರುವುದಿಲ್ಲ.

ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮ. 1994ರಲ್ಲಿ ಆದದ್ದು, ಕಲ್ಲುಗುಡ್ಡಗಳಲ್ಲಿದೆ. ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಕರಡಿ ನೆಕ್ಕಲು ಬರುತ್ತದೆ, ಮಕ್ಕಳು ಕುಣಿಯುತ್ತಾರೆ. ನೀರಹಕ್ಕಿಗಾಗಿ ಅಲ್ಲ ಈ ಜಾಗ. ಆದರೆ ಬಂಡೆಗುಡ್ಡದಲ್ಲಿ ಮಾತ್ರ ಇರುವ ಹಳದಿ ಕೊರಳಿನ ಪಿಕಳಾರ ಇಲ್ಲಿ ಸಿಗುತ್ತದೆ, ಅದನ್ನು ಹುಡುಕಿಕೊಂಡು ದೂರದ ಊರುಗಳಿಂದ ಬರುವವರಿದ್ದಾರೆ. ನಮ್ಮವರಿಗೆ ಅದು ಗೊತ್ತೇ ಇಲ್ಲ, ಅಲ್ವಾ?

ಬಳ್ಳಾರಿಯಿಂದ ಒಂದೂವರೆ ತಾಸಿನೊಳಗೆ, ಕೊಪ್ಪಳದಿಂದ ಒಂದು ತಾಸಿನ ಹತ್ತಿರ. ಶೌಚಾಲಯ, ಊಟ, ನೆರಳು ಎಲ್ಲ ಇದೆ. ಮೊದಲ ಸಲ ದುರ್ಬೀನು ಕೊಂಡವರು ಕೈ ಕುದುರಿಸಿಕೊಳ್ಳಲೂ ಇದೇ ಒಳ್ಳೆಯ ಕೆರೆ. ಹಕ್ಕಿಗಳಿಗೆ ಇಲ್ಲಿ ಜನ ಅಂದರೆ ರೂಢಿ, ಬೇಗ ಹಾರುವುದಿಲ್ಲ.

ತುಂಗಭದ್ರೆಯ ನೀರುನಾಯಿಯನ್ನೂ ಬಹಳ ಜನ ಕೇಳುತ್ತಾರೆ. ಜಲಾಶಯದ ಕೆಳಗಿನಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಕಂಡರೆ ಅದೃಷ್ಟ. ಅದಕ್ಕೆಂದೇ ಒಂದು ದಿನ ಇಟ್ಟುಕೊಳ್ಳಬೇಡಿ.

ರಾಯಚೂರಿನವರು ಏನು ಮಾಡಬೇಕು?

ತಂಗಿ ಪ್ರತಿ ಸಲ ಜಗಳ ತೆಗೆಯುತ್ತಾಳೆ: "ನಿಮ್ಮ ಪಟ್ಟಿಯೊಳಗ ನಮ್ಮೂರೇ ಇರಂಗಿಲ್ಲ." ಅವಳ ಮಾತು ಸುಳ್ಳಲ್ಲ. ಮೇಲಿನ ಯಾವ ಕೆರೆಗೂ ರಾಯಚೂರಿನಿಂದ ಏಳಕ್ಕೆ ಮುಟ್ಟಲು ಆಗುವುದಿಲ್ಲ.

ಅವರಿಗೆ ಇರುವ ಹೆಸರಾಂತ ಜಾಗ ಬೋನಾಳ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕು. ದೇವದುರ್ಗ, ತಿಂಥಣಿ ಸೇತುವೆ ದಾಟಿ ಹೋದರೆ ನೂರು ಕಿಲೋಮೀಟರಿನ ಆಚೀಚೆ. ದೊಡ್ಡ ಕೆರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ಬಗೆಬಗೆಯ ಬಾತು, ಬಕ, ಕೆಂಬರಲು. ನಾಲ್ಕೂವರೆಗೆ ಹೊರಡುವ ಛಾತಿ ಇದ್ದರೆ ಹೋಗಿ. ಬರುವಾಗ ತಿಂಥಣಿ ಮೌನೇಶ್ವರನಿಗೆ ಕೈ ಮುಗಿದು ಬಂದರೆ ಅತ್ತೆ-ಮಾವನೂ ಖುಷಿ.

ಆದರೆ ನನ್ನ ಸಲಹೆ ಬೇರೆ. ಕೆರೆಯ ಹೆಸರು ಬಿಡಿ, ಗದ್ದೆ ನೋಡಿ. ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳೇ ಒಂದು ದೊಡ್ಡ ಜೌಗು. ಮಡಿಯಲ್ಲಿ ನೀರು ನಿಲ್ಲಿಸಿ ನಾಟಿ ಮಾಡುವ ದಿನಗಳಲ್ಲಿ ಟ್ರ್ಯಾಕ್ಟರಿನ ಹಿಂದೆಯೇ ಬೆಳ್ಳಕ್ಕಿ ಸಾಲು. ಕರಿ ಕೆಂಬರಲು, ಬೂದು ಬಕ, ಮಿಂಚುಳ್ಳಿ. ಬಾಯ್ಕಳಕ ಕೊಕ್ಕರೆಯನ್ನು ನಾನು ಅತಿ ಹತ್ತಿರದಿಂದ ನೋಡಿದ್ದು ಯಾವ ಪಕ್ಷಿಧಾಮದಲ್ಲೂ ಅಲ್ಲ, ಮಾನ್ವಿ ದಾರಿಯ ಬದುವಿನ ಮೇಲೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಆ ಸಂದಿಯಾಚೆ ಬೆಳಕು ಕಾಣುತ್ತದೆ. ಬಸವನಹುಳವನ್ನು ಚಿಪ್ಪು ಒಡೆಯದೆ ಒಳಗಿನ ಮಾಂಸ ಮಾತ್ರ ಎಳೆದು ತಿಂದು, ಚಿಪ್ಪನ್ನು ಅಲ್ಲೇ ಬಿಟ್ಟು ಮುಂದಿನ ಹೆಜ್ಜೆ ಇಟ್ಟಿತು. ಖರ್ಚು ಬರೀ ಪೆಟ್ರೋಲು. ಗದ್ದೆಯವರನ್ನು ಕೇಳಿ ಬದು ಹತ್ತಿ. ಔಷಧಿ ಹೊಡೆದ ಗದ್ದೆಯಲ್ಲಿ ಹಕ್ಕಿಯೂ ಕಡಿಮೆ, ನಿಮಗೂ ಒಳ್ಳೆಯದಲ್ಲ.

ಇನ್ನೂ ಹತ್ತಿರ ಬೇಕು ಅಂದರೆ ದೇವಸೂಗೂರು, ಶಕ್ತಿನಗರದ ಕೃಷ್ಣಾ ಹೊಳೆ, ಊರಿಂದ ಅರ್ಧ ತಾಸು. ಬಂಡೆ ಮೇಲೆ ರೀವಕ್ಕಿ, ನೀರುಕಾಗೆ. ನೀರಿನಲ್ಲಿ ಮೊಸಳೆ ಇವೆ. ಬಂಡೆ ಮೇಲೆ ನಿಂತು ನೋಡಿ, ನೀರಿಗೆ ಕಾಲು ಬಿಟ್ಟು ಕೂರಬೇಡಿ.

ಖರ್ಚು ಮತ್ತು ಚೀಲ

ಕೊಪ್ಪಳದಿಂದ ಅಂಕಸಮುದ್ರವೋ ಮಾಗಡಿಯೋ ಹೋಗಿ ಬರಲು ಬೈಕಿಗೆ ನಾಲ್ಕು ಲೀಟರ್ ಸಾಕು. ಇಬ್ಬರಿಗೆ ತಿಂಡಿ ಸೇರಿ 700 ರೂಪಾಯಿಯೊಳಗೆ ದಿನ ಮುಗಿಯುತ್ತದೆ. ಬಾಡಿಗೆ ಕಾರಾದರೆ ನಮ್ಮ ಕಡೆ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಕನಿಷ್ಠ ಲೆಕ್ಕ ಹಿಡಿಯುತ್ತಾರೆ, ಡ್ರೈವರ್ ಭತ್ಯೆ ಸೇರಿ 4,000ದ ಹತ್ತಿರ ಹೋಗುತ್ತದೆ. ಐದು ಜನ ಇದ್ದರೆ ಪರವಾಗಿಲ್ಲ, ಇಬ್ಬರಿಗೆ ದುಬಾರಿ. ಹಾಗೆ ಕಾರು ಹೇಳುವಾಗ ಹೊರಡುವ ಹೊತ್ತನ್ನು ನಿಮಗೆ ಬೇಕಾದದ್ದಕ್ಕಿಂತ ಒಂದು ತಾಸು ಮುಂಚಿನದೆಂದೇ ಹೇಳಿಡಿ, ನನ್ನ ಅನುಭವದ ಮೇಲೆ ಹೇಳುತ್ತಿದ್ದೇನೆ. ಹೆಣ್ಣುಮಕ್ಕಳೇ ಹೊರಟರೆ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ಹೋದ ಜನವರಿಯಲ್ಲಿ ನಾವು ನಾಲ್ವರು ಮಾಗಡಿಗೆ ಹಾಗೇ ಹೋಗಿ ಬಂದೆವು. ತಲೆಗೆ 150 ರೂಪಾಯಿ ಖರ್ಚಾಯಿತು, ಅದೂ ಗದಗದಲ್ಲಿ ಗಿರ್ಮಿಟ್, ಮಿರ್ಚಿ ತಿಂದದ್ದಕ್ಕೆ.

ದುರ್ಬೀನು ಕೊಳ್ಳುವವರು 8×42 ನೋಡಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು. ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕೈಯಲ್ಲಿ ನಡುಗುತ್ತದೆ. ಹಕ್ಕಿ ಗುರುತು ಹಿಡಿಯಲು ಫೋನಿನಲ್ಲಿ ಮರ್ಲಿನ್ ಆ್ಯಪ್ ಸಾಕು, ಊರಲ್ಲಿ ನೆಟ್‌ವರ್ಕ್ ಇರುವಾಗಲೇ ಭಾರತದ ಪ್ಯಾಕ್ ಇಳಿಸಿಕೊಳ್ಳಿ. ಸೂರ್ಯ ಬೆನ್ನಿಗೆ ಬರುವ ಹಾಗೆ ನಿಲ್ಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ಗೂಡಿನ ಹತ್ತಿರ ಡ್ರೋನು, ಕಲ್ಲು, ಕೇಕೆ ಯಾವುದೂ ಬೇಡ. ಕೊಕ್ಕರೆ ಗಾಬರಿಯಿಂದ ಎದ್ದ ಎರಡು ನಿಮಿಷದಲ್ಲಿ ಕಾಗೆ ಬಂದು ಮೊಟ್ಟೆ ಎತ್ತುತ್ತದೆ.

ಈ ಜನವರಿಗೆ ನಮ್ಮ ಮನೆಯದು ಹೀಗೆ ತೀರ್ಮಾನವಾಗಿದೆ. ಅವ್ವ ಬರುತ್ತಾಳೆ, ಅಕ್ಕನ ಮಗನೂ ಬರುತ್ತಾನೆ. ಅದಕ್ಕೆ ಅಂಕಸಮುದ್ರ, ಸಂಜೆ ಹೊತ್ತು, ಸ್ವಂತ ಕಾರು. ಅವ್ವನಿಗೆ ಏರಿ ಮೇಲೆ ಮಡಚುವ ಕುರ್ಚಿ. ಹಿನ್ನೀರಿಗೆ ಫೆಬ್ರವರಿ ಕೊನೆಗೆ ನಾನು, ತಮ್ಮ ಇಬ್ಬರೇ. ಬೈಕು ದಂಡೆ ಮೇಲೆಯೇ ನಿಲ್ಲಿಸುವ ಕರಾರಿನ ಮೇಲೆ.